ಅಕನ್ ಬಟ್ಟುಗಳನ್ನು ಉಜ್ಜಬೇಡಿ, ಗುರುವಾರದ ಬೆನಿನ್ ತಲೆಗೆ ಕೈ ಎತ್ತಬೇಡಿ

ಸರ್, ಮೊದಲು ಆ ಹುಣಸೆಹಣ್ಣನ್ನು ಅಡುಗೆಮನೆಗೆ ವಾಪಸ್ ಕಳಿಸಿ. ಉಳಿದ ಐದನ್ನು ದಯವಿಟ್ಟು ಮುಟ್ಟಬೇಡಿ.

ಈಗಷ್ಟೇ ಥ್ರೆಡ್ ತೆರೆದವರಿಗೆ ವಿಷಯ ಇಷ್ಟು. ಘಾನಾದ ಅಕನ್ ಜನ ಚಿನ್ನದ ಪುಡಿ ತೂಗುತ್ತಿದ್ದ ಹಿತ್ತಾಳೆ ಬಟ್ಟುಗಳು, ಎಂಟರ ಒಂದು ಲಾಟ್ (ಒಟ್ಟಿಗೆ ಹರಾಜಿಗಿಟ್ಟ ಗುಂಪು). ಇಂಗ್ಲೆಂಡಿನ ಆನ್‌ಲೈನ್ ಹರಾಜಿನಲ್ಲಿ ಸರ್‌ಗೆ 400 ಪೌಂಡ್ ಹ್ಯಾಮರ್‌ಗೆ, ಅಂದರೆ ಶುಲ್ಕಗಳು ಸೇರದ ಕೂಗಿನ ಬೆಲೆಗೆ, ಸಿಕ್ಕಿದೆ. ಮೂರನ್ನು ಪಿತಾಂಬರಿ ಹಾಕಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಫಳಫಳ ಹೊಳೆಯುವ ಫೋಟೊ ಹಾಕಿದ್ದಾರೆ. ಕೆಳಗೆ ಎಲ್ಲರೂ 'ಸೂಪರ್ ಸರ್' ಅಂತ ಹೊಗಳಿದ್ದಾರೆ. ಈಗ ಬರುವ ಗುರುವಾರ ಒಂದು 'ಬೆನಿನ್ ಕಂಚಿನ ತಲೆ' ಬರುತ್ತಿದೆ, ಬಿಡ್ ಮಾಡಲಾ ಅಂತ ಕೇಳಿದ್ದಾರೆ.

ಉಜ್ಜುವ ಕೆಲಸ ನಾನೂ ಮಾಡಿದವನೇ. ಅದಕ್ಕೇ ಈ ಉದ್ದದ ಉತ್ತರ.

ಈ ಬಟ್ಟುಗಳು ಬಟ್ಟೆಯ ಗಂಟಿನಲ್ಲಿ, ತಕ್ಕಡಿ, ಚಮಚ, ಚಿನ್ನದ ಪುಡಿಯ ಡಬ್ಬಿಗಳ ಜೊತೆ ಒಂದಕ್ಕೊಂದು ತಾಗುತ್ತಾ ಇದ್ದವು. ತಲೆಮಾರುಗಟ್ಟಲೆ ಕೈ ಬೆವರು ಬಿದ್ದಿದೆ. ಹಾಗಾಗಿ ಉಬ್ಬಿದ ಕಡೆ ಸವೆದು ನುಣುಪಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಉಬ್ಬು ತಗ್ಗಿನ ಈ ವ್ಯತ್ಯಾಸವೇ ವಯಸ್ಸಿಗೆ ನಮ್ಮ ಕಣ್ಣಿಗೆ ಕಾಣುವ ಮುಖ್ಯ ಸಾಕ್ಷಿ. ಹುಳಿ ಬಿದ್ದ ತಕ್ಷಣ ಎರಡೂ ಒಂದೇ ಹಳದಿ. ನಿಮ್ಮ ಮೂರನೇ ಫೋಟೊದ ಹಿಂತಿರುಗಿ ನೋಡುವ ಸಂಕೋಫಾ ಹಕ್ಕಿ ನೋಡಿ. ಕೊಕ್ಕಿನ ತುದಿ ಚೆನ್ನಾಗಿಯೇ ಸವೆದಿದೆ, ಬಹುಶಃ ಒಳ್ಳೆಯ ಬಟ್ಟೇ. ಆದರೆ ರೆಕ್ಕೆಯ ಗೆರೆಗಳೊಳಗೆ ಈಗ ಏನೂ ಇಲ್ಲ. ನಾಳೆ ಇದನ್ನು ಮಾರಲು ಹೋದರೆ ಘಾನಾದ ಕುಮಾಸಿ ಊರಿನ ಟೂರಿಸ್ಟ್ ಅಂಗಡಿಯ ಮಾಲು ಅಂದರೂ ನಿಮ್ಮ ಹತ್ತಿರ ವಾದ ಇರುವುದಿಲ್ಲ.

ಆಗಿದ್ದು ಆಯಿತು. ಆ ಮೂರನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ಜಾಲಿಸಿ. ಹುಳಿ, ಪುಡಿ ಎರಡೂ ಗೆರೆಗಳಲ್ಲಿ ಕೂತಿರುತ್ತವೆ, ಬಿಟ್ಟರೆ ಮುಂದೆ ಹಸಿರು ಕಿಲುಬು ಏಳುತ್ತದೆ. ಹೇರ್ ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸಿ, ತೆಳುವಾಗಿ ರಿನೈಸಾನ್ಸ್ ವ್ಯಾಕ್ಸ್ (ಮ್ಯೂಸಿಯಂನವರು ಬಳಸುವ ರಕ್ಷಣೆಯ ಮೇಣ) ಹಚ್ಚಿ ಬಿಡಿ. ಡಬ್ಬಿ ದುಬಾರಿ ನಿಜ, ಆದರೆ ವರ್ಷಗಟ್ಟಲೆ ಬರುತ್ತದೆ. ಬ್ರಾಸೋ, ಪಿತಾಂಬರಿ ಎರಡೂ ದೇವರ ಮನೆಯ ದೀಪಕ್ಕೆ ಒಳ್ಳೆಯವು, ಅಲ್ಲೇ ಇರಲಿ. ಬಣ್ಣ ವಾಪಸ್ ತರಲು ಬೂಟ್ ಪಾಲಿಷ್ ಬಳಿಯಿರಿ ಅಂತ ಮೇಲೆ ಒಬ್ಬರು ಬರೆದಿದ್ದಾರಲ್ಲ, ನಕಲಿ ಮಾಡುವವರು ಮಾಡುವುದು ಅದನ್ನೇ! ಆ ಸಲಹೆ ಅಳಿಸಿಬಿಡಿ ಸ್ವಾಮಿ.

ಈಗ ಬಿಡ್ ಮಾಡುವ ಮುಂಚೆ ಏನು ನೋಡಬೇಕು ಅನ್ನುವುದಕ್ಕೆ ಬರುತ್ತೇನೆ. ಕ್ಯಾಟಲಾಗ್ ಫೋಟೊ ಯಾವಾಗಲೂ ಮುಂಭಾಗದ್ದು. ನಾನು ಹರಾಜಿನವರಿಗೆ ಮೇಲ್ ಹಾಕಿ ಮೂರು ವಿಷಯ ಕೇಳುತ್ತೇನೆ: ಬುಡದ ಫೋಟೊ, ಅಂಚಿನ ಫೋಟೊ, ಪ್ರತಿಯೊಂದರ ತೂಕ ಗ್ರಾಂನಲ್ಲಿ. ಕಂಡೀಷನ್ ರಿಪೋರ್ಟ್ ಅಂತ ಕೇಳಿದರೆ 'ಜನರಲ್ ವೇರ್' ಅಂತ ಒಂದು ಸಾಲು ಬರುತ್ತದೆ, ಪ್ರಯೋಜನವಿಲ್ಲ. ಬುಡ ಬೇಕು ಅಂತ ಬಿಡಿಸಿ ಹೇಳಿ. ಸಣ್ಣ ಊರಿನ ಹರಾಜು ಮನೆಗಳಲ್ಲಿ ಹುಡುಗರು ಫೋನಿನಲ್ಲೇ ತೆಗೆದು ಕಳಿಸುತ್ತಾರೆ, ಅದೇ ಸಾಕು.

ಬುಡದಲ್ಲಿ ನೋಡಬೇಕಾದ್ದು ಅರದ ಗೆರೆ. ಹೊಸದಾಗಿ ಎರಕ ಹೊಯ್ದು, ಬುಡ ಮಟ್ಟ ಮಾಡಲು ಅರ ಹಾಕಿದರೆ ಗೆರೆಗಳು ಹರಿತವಾಗಿ ಹಳದಿಯಾಗಿ ಕಾಣುತ್ತವೆ. ಹಳೆಯದರಲ್ಲಿ ಗೆರೆ ಇದ್ದರೂ ಅದರ ಮೇಲೆ ಸವೆತ ಹರಿದಿರುತ್ತದೆ. ಆಮೇಲೆ ಅಂಚು. ಇವೆಲ್ಲ ಮೇಣದ ಎರಕ. ಮೇಣದ ಬೊಂಬೆಯ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಹಿತ್ತಾಳೆ ಹೊಯ್ದು, ಕೊನೆಗೆ ಅಚ್ಚು ಒಡೆಯಬೇಕು. ಅಂದರೆ ಒಂದರಂತೆ ಇನ್ನೊಂದು ಬರುವ ಹಾಗಿಲ್ಲ. ಸುತ್ತ ಒಂದು ಸಣ್ಣ ಕೂಡುಗೆರೆ ಕಂಡರೆ ಅದು ಎರಡು ಹೋಳಿನ ಅಚ್ಚು, ಕೈಬಿಡಿ. ಹಳೆಯ ಹರಾಜುಗಳ ಫಲಿತಾಂಶ ಹುಡುಕಿ. ಅದೇ ಮೊಸಳೆ, ಅದೇ ಬಾಲದ ಅದೇ ಸೊಟ್ಟ ಇನ್ನೊಂದು ಲಾಟ್‌ನಲ್ಲೂ ಕಂಡರೆ ಎರಡೂ ಬೇಡ.

ಇದರಲ್ಲೇ ನನಗೆ ತುಂಬಾ ಇಷ್ಟದ ಒಂದು ಜಾತಿ ಇದೆ. ಮೇಣದ ಬೊಂಬೆಯೇ ಇಲ್ಲದೆ ನಿಜವಾದ ಕಡಲೆಕಾಯಿ, ಬೀಜದ ಕೋಡು, ಜೀರುಂಡೆ, ಏಡಿಯ ಕೊಂಡಿ ಇವಕ್ಕೇ ಮಣ್ಣು ಮೆತ್ತಿ ಸುಟ್ಟು, ಆ ಜಾಗಕ್ಕೆ ಹಿತ್ತಾಳೆ ಹೊಯ್ದದ್ದು. ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ) ಹಿಡಿದರೆ ಕಡಲೆಕಾಯಿ ಸಿಪ್ಪೆಯ ಬಲೆಬಲೆ ನರ ಹಾಗೇ ಕಾಣುತ್ತದೆ. ಹಳೆಯದಾದರೆ ಬೆರಳು ತಾಗುವ ಬೆನ್ನಿನಲ್ಲಿ ಆ ನರ ಅಳಿಸಿರುತ್ತದೆ, ಸೊಂಟದ ತಗ್ಗಿನಲ್ಲಿ ಉಳಿದಿರುತ್ತದೆ. ಇಡೀ ಕಡಲೆಕಾಯಿಯಲ್ಲಿ ನರ ಒಂದೇ ಸಮ ಚೂಪಾಗಿದ್ದರೆ ಅನುಮಾನಿಸಿ. ಲೂಪ್ 10 ಪಟ್ಟಿನದು ಸಾಕು, ಬೆಲೋಮೋ ಕಂಪನಿಯ ಟ್ರಿಪ್ಲೆಟ್ (ಮೂರು ಮಸೂರದ್ದು) ತಗೊಳ್ಳಿ. '40 ಪಟ್ಟು, ಎಲ್‌ಇಡಿ ಸಹಿತ' ಅಂತ ಬರುವ ಅಗ್ಗದವು ಸುಮ್ನೆ ಆಟಿಕೆ.

ತೂಕದ ವಿಷಯದಲ್ಲಿ ಎಚ್ಚರ. ತೂಕ ಸರಿಯಾಗಿ ಬಂದರೆ ಅಸಲಿ, ಬರದಿದ್ದರೆ ನಕಲಿ ಅಂತ ಲೆಕ್ಕ ಹಾಕಬೇಡಿ. ಉತ್ತರದ ಮುಸ್ಲಿಂ ವ್ಯಾಪಾರಿಗಳ ಮಾನ, 28.7 ಗ್ರಾಂ ಆಸುಪಾಸಿನ ಪೋರ್ಚುಗೀಸ್ ಔನ್ಸ್, 31.1 ಗ್ರಾಂನ ಟ್ರಾಯ್ ಔನ್ಸ್ ಎಲ್ಲ ಒಟ್ಟೊಟ್ಟಿಗೆ ನಡೆದಿವೆ. ಹಾಗಾಗಿ ಬೇಕೆಂದರೆ ಯಾವ ತೂಕವನ್ನೂ ಯಾವುದೋ ಒಂದು ಮಾನಕ್ಕೆ ಹೊಂದಿಸಬಹುದು. ತೂಕ ಕೇಳುವುದು ಬೇರೆ ಕಾರಣಕ್ಕೆ. ಬಟ್ಟು ಮಾನಕ್ಕಿಂತ ಹೆಚ್ಚಾದರೆ ಬಾಲವೋ ಕಾಲೋ ಸ್ವಲ್ಪ ಕತ್ತರಿಸುತ್ತಿದ್ದರು, ಕಡಿಮೆಯಾದರೆ ಸೀಸವೋ ಒಂದು ಹಿತ್ತಾಳೆ ಚೂರೋ ಸೇರಿಸುತ್ತಿದ್ದರು. ಅಂಥ ತಿದ್ದುಪಡಿ ಕಂಡರೆ ನನಗೆ ಖುಷಿ, ಅದು ತಕ್ಕಡಿ ಹತ್ತಿದ ಬಟ್ಟು. ಕ್ಯಾಟಲಾಗ್‌ನವರು ಅದನ್ನೇ 'ಡ್ಯಾಮೇಜ್' ಅಂತ ಬರೆದು ಎಸ್ಟಿಮೇಟ್ ಇಳಿಸುತ್ತಾರೆ, ನಮಗೆ ಲಾಭ. ಇದಕ್ಕೂ ಒಂದು ಆದರೆ ಇದೆ: ಇದು ಗೊತ್ತಿರುವ ನಕಲಿಗರು ಈಗ ಬೇಕಂತಲೇ ಒಂದು ಕಾಲು ಮುರಿಯುತ್ತಾರೆ. ಮುರಿದ ಜಾಗವೂ ಸವೆದಿರಬೇಕು, ಅದನ್ನು ನೋಡಿ.

ಅಂದಹಾಗೆ, ಅವರ ಅತಿ ಸಣ್ಣ ತೂಕಗಳಿಗೆ ಬೀಜಗಳನ್ನೇ ಬಳಸುತ್ತಿದ್ದರು. ಅದರಲ್ಲಿ ಒಂದು ಕೆಂಪು ಮೈ, ಕಪ್ಪು ಚುಕ್ಕೆಯದು. ನಮ್ಮ ಅಕ್ಕಸಾಲಿಗರ ಗುಲಗಂಜಿಯೇ! ನಮ್ಮ ಗುಂಪಿನಲ್ಲಿ ಗುಲಗಂಜಿ, ಹಣದ ತೂಕ ಕೂಡಿಡುವವರು ಇದ್ದೀರಲ್ಲ, ನಿಮಗೆ ಇದು ಹೊಸ ಊರೇನೂ ಅಲ್ಲ.

ಇನ್ನು ಗಾತ್ರ. ಅಸಲಿ ಬಟ್ಟುಗಳು ಬಹುಪಾಲು ಹೆಬ್ಬೆರಳಿನ ಆಸುಪಾಸು. ಅಂಗೈ ತುಂಬುವ ಸಿಂಹಾಸನದ ದೃಶ್ಯ, ಮೈಥುನದ ದೃಶ್ಯ, ಹತ್ತಾರು ಜನರ ಮೆರವಣಿಗೆ ಹೆಚ್ಚಿನಂಶ 20ನೇ ಶತಮಾನದಲ್ಲಿ ಪ್ರವಾಸಿಗರಿಗೆ ಮಾಡಿದ್ದು. ಚಿನ್ನದ ಪುಡಿಯ ಚಲಾವಣೆ 19ನೇ ಶತಮಾನದ ಕೊನೆಗೇ ನಿಂತಿತು, ಆಮೇಲೆ ತೂಗಲು ಯಾರಿಗೂ ಬಟ್ಟು ಬೇಕಿರಲಿಲ್ಲ. ಹೊಸಬರು ಬೊಂಬೆಗಳ ಹಿಂದೆಯೇ ಓಡುತ್ತಾರೆ. ಮೆಟ್ಟಿಲು, ಸುರುಳಿ, ಗರಗಸದ ಹಲ್ಲಿನಂಥ ಗೆರೆಗಳ ಚೌಕ ಬಟ್ಟುಗಳಿಂದ ಶುರು ಮಾಡಿ. ಸಾಮಾನ್ಯವಾಗಿ ಅವೇ ಹಳೆಯವು, ಅಗ್ಗವೂ ಹೌದು.

ದುಡ್ಡಿನ ಲೆಕ್ಕ. 400ಕ್ಕೆ ಸಿಕ್ಕಿತು ಅಂತ ಬರೆದಿದ್ದೀರಿ. ಕೊಂಡವರು ಹರಾಜು ಮನೆಗೆ ಕೊಡುವ ಪ್ರೀಮಿಯಂ 25 ಪರ್ಸೆಂಟ್ ಅಂತ ಇಟ್ಟುಕೊಂಡರೆ 100, ಅದರ ಮೇಲೆ ವ್ಯಾಟ್ 20. ಆನ್‌ಲೈನ್ ವೇದಿಕೆಯ ಶುಲ್ಕ 5 ಪರ್ಸೆಂಟ್ ಆದರೆ ವ್ಯಾಟ್ ಸೇರಿ 24. ಅಲ್ಲಿಗೆ 544. ಪ್ಯಾಕಿಂಗ್, ಕೊರಿಯರ್ ಅಂತ ಇನ್ನೊಂದು 80 ಹಿಡಿದರೆ 624. ಅಂದರೆ ಒಂದು ಬಟ್ಟಿಗೆ 78 ಪೌಂಡ್, ನಮ್ಮ ಕಸ್ಟಮ್ಸ್, ಜಿಎಸ್‌ಟಿ ಬಿಟ್ಟು. ನಾನು ಈ ಲೆಕ್ಕವನ್ನು ಹಿಂದಿನಿಂದ ಮಾಡುತ್ತೇನೆ. ಮನೆ ಬಾಗಿಲಿಗೆ ಬಂದಾಗ ಎಷ್ಟಾಗಬೇಕು ಅಂತ ಮೊದಲು ಬರೆದು, ಅಲ್ಲಿಂದ ಹ್ಯಾಮರ್ ಮಿತಿ ತೆಗೆದು, ಹಿಂದಿನ ರಾತ್ರಿಯೇ ಆಬ್ಸೆಂಟೀ ಬಿಡ್ (ಮಿತಿ ಬರೆದು ಮೊದಲೇ ಕೊಟ್ಟಿಡುವ ಬಿಡ್) ಹಾಕಿ ಮಲಗುತ್ತೇನೆ. ಲೈವ್ ಕೂತರೆ ನಮ್ಮ ಕೈ ನಮ್ಮ ಮಾತು ಕೇಳುವುದಿಲ್ಲ.

ಗುರುವಾರದ ತಲೆಗೆ ಬರೋಣ. ಬೇಡ. 'ಬೆನಿನ್, 1897' ಅಂತ ಬರೆದು 300-500 ಪೌಂಡ್ ಎಸ್ಟಿಮೇಟ್ ಇಟ್ಟಿದ್ದಾರೆ. 1897ರಲ್ಲಿ ಬ್ರಿಟಿಷ್ ಸೇನೆ ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಅರಮನೆಯಿಂದ ದೋಚಿದ್ದರಲ್ಲಿ ಅದು ಒಂದಾಗಿದ್ದರೆ ಆ ಬೆಲೆಗೆ ಬರುತ್ತಿತ್ತಾ? ಅಂಥ ಒಂದು ತಲೆ 2007ರಲ್ಲಿ ನ್ಯೂಯಾರ್ಕಿನ ಸದಬೀಸ್‌ನಲ್ಲಿ 47 ಲಕ್ಷ ಡಾಲರ್‌ಗೆ ಹೋಗಿದೆ. ಈಗ ಆ ಕಾಲವೂ ಮುಗಿದಂತೆಯೇ. ಸದಬೀಸ್ 2011ರ ಫೆಬ್ರವರಿಗೆ ಇಟ್ಟಿದ್ದ ಬೆನಿನ್ ರಾಣಿ ಇಡಿಯಾಳ ದಂತದ ಮುಖವಾಡವನ್ನು ಪ್ರತಿಭಟನೆ ಎದ್ದ ಮೇಲೆ ವಾಪಸ್ ತೆಗೆದುಕೊಂಡಿತು. ಜರ್ಮನಿ 2022ರಲ್ಲಿ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನೇ ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಹಾಗಾಗಿ ನಿಮ್ಮ ತಲೆ ನಕಲಿಯಾದರೆ ದುಡ್ಡು ದಂಡ, ಅಸಲಿಯಾದರೆ ಕದ್ದ ಮಾಲು. ಅಂಥ ತಲೆ ಬೇಕೇ ಬೇಕು ಅಂದರೆ ಬೆನಿನ್ ಸಿಟಿಯ ಇಗುನ್ ಬೀದಿಯಲ್ಲಿ ಎರಕದ ಕುಟುಂಬಗಳು ಇವತ್ತೂ ಮಾಡುತ್ತವೆ. ಮಾಡಿದವರ ಹೆಸರು ಬರೆಸಿಕೊಂಡು ಹೊಸದು ಅಂತಲೇ ಕೊಳ್ಳಿ, ಮರ್ಯಾದೆಯ ವ್ಯವಹಾರ.

ಅಕನ್ ವಸ್ತುಗಳಲ್ಲೂ 'ಕುಮಾಸಿ, 1874' ಅಂತ ಪ್ರೊವೆನೆನ್ಸ್ (ವಸ್ತು ಎಲ್ಲಿಂದ, ಯಾರ ಕೈ ದಾಟಿ ಬಂತು ಅನ್ನುವ ವಿವರ) ಕಂಡರೆ ಬೀಗಬೇಡಿ. ಆ ವರ್ಷ ಬ್ರಿಟಿಷರು ಅಕನ್ ಜನರದೇ ಆದ ಅಸಾಂಟೆ ರಾಜ್ಯದ ರಾಜನ ಅರಮನೆ ಲೂಟಿ ಮಾಡಿ, ಮಾಲನ್ನು ಕೇಪ್ ಕೋಸ್ಟ್‌ನಲ್ಲಿ ಹರಾಜೇ ಹಾಕಿದರು. 2024ರಲ್ಲಿ ಲಂಡನ್ನಿನ ಎರಡು ಮ್ಯೂಸಿಯಂಗಳು ಅಸಾಂಟೆ ಚಿನ್ನ, ಬೆಳ್ಳಿಯ 32 ವಸ್ತುಗಳನ್ನು ಸಾಲದ ಲೆಕ್ಕದಲ್ಲಿ ಕುಮಾಸಿಗೆ ಕಳಿಸಿವೆ. ಅದೇ ವರ್ಷ ಲಾಸ್ ಏಂಜಲೀಸ್‌ನ ಫೌಲರ್ ಮ್ಯೂಸಿಯಂ ಏಳನ್ನು ಪೂರ್ತಿಯಾಗಿ ವಾಪಸ್ ಕೊಟ್ಟಿತು. ಮಣ್ಣಿನ ಬೊಂಬೆಗಳಂತೂ, ನೈಜೀರಿಯಾದ ನೋಕ್ ಇರಲಿ, ಮಾಲಿಯ ಜೆನ್ನೆ ಇರಲಿ, ಬೇಡವೇ ಬೇಡ. ನೆಲ ಅಗೆದು ಕದ್ದವೇ ಜಾಸ್ತಿ. 'ಥರ್ಮೋಲ್ಯುಮಿನೆಸೆನ್ಸ್ ಸರ್ಟಿಫಿಕೇಟ್ ಇದೆ' (ಮಣ್ಣು ಸುಟ್ಟು ಎಷ್ಟು ಕಾಲವಾಯಿತು ಅಂತ ಹೇಳುವ ಪರೀಕ್ಷೆ) ಅಂತ ಮರುಳಾಗಬೇಡಿ. ಹಳೆಯ ಚೂರುಗಳನ್ನು ಅಂಟಿಸಿ ಹೊಸ ಬೊಂಬೆ ಮಾಡಿ, ಹಳೆಯ ಚೂರಿನಿಂದಲೇ ಪುಡಿ ಕೊರೆದು ಕೊಟ್ಟರೆ ಸರ್ಟಿಫಿಕೇಟ್ ಬರುತ್ತದೆ. ಆನೆದಂತದ ಚೂರಿರುವ ಲಾಟ್ ಕಡೆ ತಿರುಗಿಯೂ ನೋಡಬೇಡಿ, ನಮ್ಮ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಹೊಸ ಕಾಲದ ಕಲೆಗೂ ಕೈ ಹಾಕಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಹಾಕಿ, ಆದರೆ ಹೆಡ್‌ಲೈನ್ ನೋಡಿ ಬೇಡ. ಘಾನಾದ ಅಮೊಆಕೊ ಬೊಆಫೊ ಅವರ ಒಂದು ಚಿತ್ರ 2020ರ ಫೆಬ್ರವರಿಯಲ್ಲಿ ಲಂಡನ್ನಿನ ಫಿಲಿಪ್ಸ್ ಹರಾಜು ಮನೆಯಲ್ಲಿ 30-50 ಸಾವಿರ ಪೌಂಡ್ ಎಸ್ಟಿಮೇಟ್‌ನಿಂದ 6,75,000ಕ್ಕೆ ಹಾರಿತು. ಅದಾದ ಮೇಲೆ ಅದೇ ಥರದ ಮುಖಗಳನ್ನು ಬರೆಯುವ ಹುಡುಗರ ಹಿಂದೆ ಎಲ್ಲರೂ ಬಿದ್ದರು, ಎದ್ದ ಬೆಲೆ ಇಳಿದೂ ಹೋಯಿತು. ನೈಜೀರಿಯಾದ ಬೆನ್ ಎನ್‌ವೊನ್ವು ಅವರ 'ಟುಟು' ಚಿತ್ರ ಲಂಡನ್ನಿನ ಒಂದು ಫ್ಲಾಟ್‌ನಲ್ಲಿ ಸಿಕ್ಕಿ, 2018ರಲ್ಲಿ ಬಾನಮ್ಸ್‌ನಲ್ಲಿ 12 ಲಕ್ಷ ಪೌಂಡ್ ಮುಟ್ಟಿತು. ಆಮೇಲೆ ಅದರ ಹಳೆಯ ಪೋಸ್ಟರುಗಳಿಗೂ ಫ್ರೇಮ್ ಹಾಕಿ ಮಾರುವವರು ಹುಟ್ಟಿಕೊಂಡರು. 'ಆಫ್ಟರ್ ಎನ್‌ವೊನ್ವು' ಅಂತ ಕಂಡರೆ ಅದು ಅವರು ಬರೆದದ್ದಲ್ಲ, ಅಷ್ಟೇ.

ನಮ್ಮಂಥವರ ಜೇಬಿಗೆ ನೈಜೀರಿಯಾದ ಬ್ರೂಸ್ ಒನೊಬ್ರಕ್ಪೆಯ ಅವರ ಪ್ರಿಂಟ್‌ಗಳು ಒಳ್ಳೆಯವು. ಪೆನ್ಸಿಲ್ ಸಹಿ, ಎಡಿಷನ್ ನಂಬರ್ (ಒಟ್ಟು ಎಷ್ಟರಲ್ಲಿ ಎಷ್ಟನೆಯ ಪ್ರತಿ ಅನ್ನುವುದು) ಎರಡೂ ಇರಬೇಕು. ಕಾಗದದ ಅಂಚು ಕತ್ತರಿಸಿದ್ದರೆ ಬೇಡ. 1960ರ ದಶಕದ, ನೈಜೀರಿಯಾದ ಒಶೊಗ್ಬೊ ಊರಿನ ಕಲಾವಿದರ ಕೆಲಸಗಳೂ ಇಂಗ್ಲೆಂಡ್, ಜರ್ಮನಿಯ ಸಣ್ಣ ಹರಾಜುಗಳಲ್ಲಿ 'ಆಫ್ರಿಕನ್ ಸ್ಕೂಲ್' ಅಂತ ಹೆಸರಿಲ್ಲದೆ ಬರುತ್ತವೆ. ಸಹಿ ಓದಲು ಕಲಿತರೆ ಹಬ್ಬ. ಲಾಗೋಸ್‌ನಲ್ಲಿ ಆರ್ಟ್‌ಹೌಸ್ ಕಂಟೆಂಪರರಿ ಅಂತ ಹರಾಜು ಮನೆ ಇದೆ. ಕಟ್ಟಿದವರು ಭಾರತ ಮೂಲದ ಕವಿತಾ ಚೆಲ್ಲಾರಾಂ. ಕೊಳ್ಳದಿದ್ದರೂ ಅವರ ಹಳೆಯ ಕ್ಯಾಟಲಾಗ್‌ಗಳನ್ನು ಓದಿ, ಅಲ್ಲಿಯವರು ಯಾವುದಕ್ಕೆ ಬೆಲೆ ಕಟ್ಟುತ್ತಾರೆ ಅಂತ ತಿಳಿಯುತ್ತದೆ. ಮಾಲಿಯ ಸೈದು ಕೈಟಾ ಅವರ ಫೋಟೊ ಬಂದರೆ ತೆಗೆದ ವರ್ಷದ ಜೊತೆ ಪ್ರಿಂಟ್ ಹಾಕಿದ ವರ್ಷವನ್ನೂ ಕೇಳಿ. ದೊಡ್ಡ ಪ್ರಿಂಟ್‌ಗಳೆಲ್ಲ 1990ರ ದಶಕದಿಂದ ಈಚಿನವು. ಘಾನಾದ ಫಾಂಟೆ ಜನರ ಅಸಾಫೊ (ಯೋಧರ ದಳ) ಬಾವುಟಗಳಲ್ಲಿ ಮೂಲೆಯಲ್ಲಿ ಬ್ರಿಟಿಷ್ ಬಾವುಟ ಇದ್ದರೆ ಘಾನಾ ಸ್ವತಂತ್ರವಾದ 1957ಕ್ಕೆ ಹಿಂದಿನದು ಅನ್ನುವ ಲೆಕ್ಕ ಇದೆ. ಅದು ಎಲ್ಲರಿಗೂ ಗೊತ್ತಿರುವುದರಿಂದಲೇ ಚಹಾದ ನೀರಲ್ಲಿ ಅದ್ದಿದ 'ಹಳೆಯ' ಬಾವುಟಗಳು ರಾಶಿ ರಾಶಿ. ಹೊಲಿಗೆಯ ಒಳಮಡಿಕೆ ಬಿಡಿಸಿ ನೋಡಿ, ಬಿಸಿಲು ಬೀಳದ ಅಲ್ಲಿಯೂ ಅದೇ ಕಂದು ಇದ್ದರೆ ಚಹಾ.

ಪಾರ್ಸೆಲ್ ವಿಷಯ. ಇನ್‌ವಾಯ್ಸ್‌ನಲ್ಲಿ 'ಗೋಲ್ಡ್ ವೆಯ್ಟ್ಸ್' ಅಂತ ಮಾತ್ರ ಬರೆಸಬೇಡಿ, ಕಸ್ಟಮ್ಸ್‌ನವರು ಚಿನ್ನ ಅಂತ ಹಿಡಿದು ಕೂರುತ್ತಾರೆ. 'ಹಿತ್ತಾಳೆ ತೂಕದ ಬಟ್ಟು, ಚಿನ್ನ ಇಲ್ಲ' ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಬರೆಸಿ. ಬೆಲೆ ಕಡಿಮೆ ತೋರಿಸಿ ಅಂತ ಕೇಳಬೇಡಿ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ದಾಖಲೆ), ಲಾಟ್ ಪುಟದ ಪ್ರಿಂಟ್ ಎರಡನ್ನೂ ಫೈಲ್ ಮಾಡಿ. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸಲು ನಮ್ಮ 1972ರ ಪುರಾತನ ವಸ್ತು ಕಾಯ್ದೆ ಬಿಡುವುದಿಲ್ಲ. ಮುಂದೆ ಲಂಡನ್ನಿನಲ್ಲೇ ಮಾರಿದರಾಯಿತು ಅಂದುಕೊಂಡಿದ್ದರೆ ತರಿಸುವ ಮುಂಚೆಯೇ ಯೋಚಿಸಿ.

ಇಡುವಾಗ ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಬೇಡ, ಎರಡರಿಂದಲೂ ಹಿತ್ತಾಳೆ ಕಪ್ಪಾಗುತ್ತದೆ. ಒಗೆದ ಹತ್ತಿ ಬಟ್ಟೆ, ಜೊತೆಗೆ ಸಿಲಿಕಾ ಜೆಲ್. ಯಾವುದಾದರೂ ಒಂದರ ಮೇಲೆ ತಿಳಿ ಹಸಿರು ಪುಡಿ ಉದುರಲು ಶುರುವಾದರೆ ಅದನ್ನು ಆ ದಿನವೇ ಬೇರೆ ಡಬ್ಬಿಗೆ ಹಾಕಿ ಇಲ್ಲಿ ಫೋಟೊ ಹಾಕಿ. ಕರಾವಳಿಯವರಾದರೆ ಮಳೆಗಾಲದಲ್ಲಿ ಜೆಲ್ ಆಗಾಗ ಬದಲಿಸಿ.