ಹಾಲ್‌ಮಾರ್ಕ್ ಕ್ರಿಸ್‌ಮಸ್ ಸಿನಿಮಾಗಳ ಕಥೆ ಮೊದಲೇ ಗೊತ್ತಿದ್ದರೂ ಅವುಗಳ ನಾಯಕ-ನಾಯಕಿ ಜೋಡಿ ಯಾಕೆ ಇಷ್ಟವಾಗುತ್ತೆ?

ಕಥೆ ಗೊತ್ತಿರೋದರಿಂದಲೇ! ಅಮೆರಿಕದ ಹಾಲ್‌ಮಾರ್ಕ್ ಚಾನೆಲ್ 2009ರಿಂದ ‘ಕೌಂಟ್‌ಡೌನ್ ಟು ಕ್ರಿಸ್‌ಮಸ್’ ಹೆಸರಲ್ಲಿ ಪ್ರತಿ ವರ್ಷ ಇಂಥ ಪ್ರೇಮಕಥೆಗಳನ್ನು ಸಾಲಾಗಿ ಹಾಕುತ್ತಿದೆ. ಮುತ್ತು ಸಾಮಾನ್ಯವಾಗಿ ಕೊನೆಯ ನಿಮಿಷಕ್ಕೆ ಮೀಸಲು. ಅಲ್ಲಿಯವರೆಗೆ ಕೆಲಸ ಮಾಡಬೇಕಾದ್ದು ಕಣ್ಣು, ಕೈ. ಕುಕೀ ಲಟ್ಟಿಸುವಾಗ ಅವಳ ಮೂಗಿಗೆ ಹಿಟ್ಟು ಮೆತ್ತಿಕೊಳ್ಳುತ್ತೆ, ಒರೆಸಲು ಅವನು ಕೈ ಎತ್ತುತ್ತಾನೆ, ಅಷ್ಟರಲ್ಲಿ ಫೋನ್ ರಿಂಗಾಗುತ್ತೆ. ಜಾಹೀರಾತು! ಬ್ರೇಕುಗಳಿಗೆ ತಕ್ಕಂತೆಯೇ ಚಿತ್ರಕಥೆ ಬರೆದಿರುತ್ತಾರೆ.

ಶೂಟಿಂಗ್ ಎರಡು-ಮೂರು ವಾರದಲ್ಲಿ ಮುಗಿಯುತ್ತೆ, ಎಷ್ಟೋ ಸಲ ಕೆನಡಾದ ಬೇಸಿಗೆಯಲ್ಲಿ, ನಕಲಿ ಹಿಮದ ಮೇಲೆ. ಉಣ್ಣೆ ಕೋಟಿನೊಳಗೆ ಬೆವರುತ್ತಲೇ ಚಳಿ ನಟಿಸಬೇಕು. ಪುರುಸೊತ್ತಿಲ್ಲದ ಕಡೆ ನಟಿ ಲೇಸಿ ಶಬೇರ್ ಥರ ಪಳಗಿದವರು ಬೇಕು, ಅವರನ್ನೇ ಮತ್ತೆ ಮತ್ತೆ ಕರೆಯುತ್ತಾರೆ.

ನನ್ನ ತಕರಾರು ಒಂದೇ: ಅರ್ಧ ಮಾತು ಕೇಳಿಸಿಕೊಂಡು ಸೂಟ್‌ಕೇಸ್ ಕಟ್ಟೋ ನಾಯಕಿ. ಒಂದು ಫೋನ್ ಮಾಡಿ ಕೇಳಬಾರದೇ?