ಉರಿಗರಿಯ ಗರಿ ಯಾರ ಕೈಗೆ?

ಪ್ರಶ್ನೆ: ಮಕ್ಕಳಿಗಾಗಿ ಒಂದು ಕಾಲ್ಪನಿಕ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ‘ಉರಿಗರಿ’ ಎಂಬ ಏಳು ಬಣ್ಣದ ಕಾಡುಹಕ್ಕಿ ಇದೆ. ರಾಜನ ಕಡೆಯವರು ಅದನ್ನು ಬೇಟೆಯಾಡುತ್ತಾರೆ. ಕರಡು ಓದಿದ ಗೆಳತಿ, ‘ಹಕ್ಕಿ ಚೆನ್ನಾಗಿದೆ, ಆದ್ರೆ ಜನ ಸುಮ್ನೆ ಅದರ ಹಿಂದೆ ಓಡ್ತಾರೆ’ ಅಂದಳು. ಹೇಗೆ ಸರಿಪಡಿಸಲಿ? ಹಕ್ಕಿಯ ಹಾರಾಟವನ್ನು ಹೇಗೆ ಬರೆಯಲಿ?
– ಹೆಸರು ಬೇಡ ಎಂದ ಓದುಗರು

ಉತ್ತರ: ಗೆಳತಿ ಹೇಳಿದ್ದು ಸರಿ. ನೀವು ಕಳಿಸಿದ ಪುಟಗಳಲ್ಲಿ ಉರಿಗರಿಯ ಬಣ್ಣದ ವರ್ಣನೆಯೇ ಜಾಸ್ತಿ. ಆ ಗರಿ ಕೊನೆಗೆ ಯಾರ ಕೈ ಸೇರುತ್ತದೆ? ಅದು ಎಲ್ಲೂ ಇಲ್ಲ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ದಕ್ಷಿಣ ಭಾರತದ ಬೂದು ಕಾಡುಕೋಳಿಯನ್ನು ನೋಡಿ. ಹುಂಜದ ಕತ್ತಿನ ಗರಿಗಳ ಮೇಲೆ ಮೇಣದಂತೆ ಹೊಳೆಯುವ ಹಳದಿ ಚುಕ್ಕೆಗಳಿವೆ. ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿಗೆ ಗಾಳ ಹಾಕುವವರು ಆ ಗರಿಯನ್ನು ಕೊಕ್ಕೆಗೆ ಕಟ್ಟಿ ಮೀನನ್ನು ಸೆಳೆಯುತ್ತಿದ್ದರು. ಯಾವುದೋ ಹೊಳೆಯ ಮೀನಿಗಾಗಿ ಇಲ್ಲಿನ ಹುಂಜ ಸಾಯುತ್ತಿತ್ತು. ಉರುಳು ಹಾಕಿದವನು ಆ ಹೊಳೆಯನ್ನು ಕಂಡಿರಲಿಕ್ಕಿಲ್ಲ. ನಿಮ್ಮ ಕಥೆಗೂ ಇಂಥ ದೂರದ ಆಸೆಯೊಂದು ಬೇಕು. ‘ರಾಜನಿಗೆ ಇಷ್ಟ’ ಅಂದರೆ ಸಾಲದು.

ಇನ್ನೊಂದು ವಿಷಯ. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಹುಂಜ ಕತ್ತಿನ ಚೆಂದದ ಗರಿಗಳನ್ನು ಉದುರಿಸಿ ಮಂಕಾಗುತ್ತದೆ. ಉರಿಗರಿಯೂ ಹಾಗೆ ಬಣ್ಣ ಕಳೆದುಕೊಂಡರೆ? ಆ ತಿಂಗಳುಗಳಲ್ಲಿ ಅದನ್ನು ಯಾರು ನೋಡುತ್ತಾರೆ, ಯಾರು ಮರೆಯುತ್ತಾರೆ? ನಿಮ್ಮ ಪಾತ್ರಗಳ ಸ್ವಭಾವ ಅಲ್ಲೇ ಗೊತ್ತಾಗುತ್ತದೆ. ಹಿಮಾಲಯದ ಮೋನಾಲ್ ಹಕ್ಕಿಯ ಮಿಂಚಂತೂ ಬೆಳಕಿನ ಆಟ. ಗರಿಯ ಸೂಕ್ಷ್ಮ ರಚನೆಯ ಮೇಲೆ ಬಿಸಿಲು ಬಿದ್ದರೆ ಹಸಿರು, ನೀಲಿ, ತಾಮ್ರದ ಬಣ್ಣ. ನೆರಳಿಗೆ ಸರಿದರೆ ಬಹುಪಾಲು ಕಪ್ಪು. ಅದರ ತುರಾಯಿಯನ್ನು ಹಿಮಾಚಲದಲ್ಲಿ ಗಂಡಸರು ದೊಡ್ಡಸ್ತಿಕೆಗೆಂದು ಟೋಪಿಗೆ ಸಿಗಿಸಿಕೊಳ್ಳುತ್ತಿದ್ದರು. ಈಗ ಅದೇ ಹಕ್ಕಿ ನೇಪಾಳದ ರಾಷ್ಟ್ರಪಕ್ಷಿ.

ನಿಮ್ಮ ಕಥೆಯಲ್ಲಿ ಹೆಣ್ಣು ಉರಿಗರಿಯೇ ಇಲ್ಲ, ಅಲ್ವಾ? ದಯವಿಟ್ಟು ತನ್ನಿ. ಕಾಡುಕೋಳಿ, ಮೋನಾಲ್‌ನಂಥ ಹಕ್ಕಿಗಳಲ್ಲಿ ಹೇಂಟೆಗಳು ನೆಲದ ಮೇಲೆ ಗೂಡು ಮಾಡುತ್ತವೆ. ಒಣಗಿದೆಲೆಯ ಬಣ್ಣವೇ ಅವುಗಳ ಕಾವಲು. ಎಲ್ಲರೂ ಹುಂಜದ ಹಿಂದೆ ಬಿದ್ದಿರುವಾಗ ಗೂಡು ಎಲ್ಲಿದೆ ಅಂತ ಗೊತ್ತಿರುವ ಒಬ್ಬ ಹುಡುಗಿ ಇರಲಿ.

ನನಗೆ ತುಂಬಾ ಕಾಡುವ ಸಂಬಂಧ ಮಾತ್ರ ಬೇರೆ. ಬ್ರಿಟನ್ನಿನಲ್ಲಿ ಬೇಟೆಗೆಂದೇ ವರ್ಷವರ್ಷ ಕೋಟಿಗಟ್ಟಲೆ ಫೆಸೆಂಟ್ ಎಂಬ, ಕಾಡುಕೋಳಿಯ ಬಳಗದ ಹಕ್ಕಿಗಳನ್ನು ಸಾಕಿ ಕಾಡಿಗೆ ಬಿಡುತ್ತಾರೆ. ಅದಕ್ಕೆಂದೇ ಕಾವಲುಗಾರರಿದ್ದಾರೆ. ಅವರು ಮರಿಗಳಿಗೆ ಕಾಳು ಹಾಕುತ್ತಾರೆ, ನರಿಯಿಂದ ಕಾಯುತ್ತಾರೆ, ರೋಗ ಬಾರದಂತೆ ನೋಡಿಕೊಳ್ಳುತ್ತಾರೆ. ಬೇಟೆಯ ದಿನ ಪೊದೆ ಬಡಿಸಿ, ಅವೇ ಹಕ್ಕಿಗಳನ್ನು ಬಂದೂಕುಗಳ ಕಡೆಗೆ ಎಬ್ಬಿಸುವ ಏರ್ಪಾಡೂ ಅವರದೇ. ಕಾಳು ಹಾಕಿದ ಆ ಕೈಯನ್ನು ಯೋಚಿಸಿ. ಅವನು ಕೆಟ್ಟವನಲ್ಲ. ಹಕ್ಕಿಯ ಪ್ರತಿಯೊಂದು ಕೂಗೂ ಅವನಿಗೆ ಗೊತ್ತು. ಮನೆ ನಡೆಯುವುದೂ ಅದರಿಂದಲೇ. ಅಂಥವನೊಬ್ಬ ನಿಮ್ಮ ಪುಸ್ತಕದಲ್ಲಿದ್ದರೆ ಮಕ್ಕಳು ಅವನ ಬಗ್ಗೆ ಜಗಳವಾಡುತ್ತಾರೆ. ಆಡಲಿ.

ಹಾರಾಟದ ಬಗ್ಗೆಯೂ ಕೇಳಿದ್ದೀರಿ. ಉರಿಗರಿ ಮೋಡದಲ್ಲಿ ತೇಲುವುದು ಬೇಡ. ಇಂಥ ಹಕ್ಕಿಗಳು ಮೊದಲು ಓಡುತ್ತವೆ, ಬೇರೆ ದಾರಿಯಿಲ್ಲದಾಗ ಬಡಬಡ ರೆಕ್ಕೆ ಬಡಿದು ಮೇಲೇಳುತ್ತವೆ, ಸ್ವಲ್ಪ ದೂರ ಹೋಗಿ ಇಳಿಯುತ್ತವೆ.

ದರ್ಬಾರಿನ ಅಧ್ಯಾಯ ತೆಗೆದು ಆ ಜಾಗವನ್ನು ಕಾಳು ಹಾಕುವವನಿಗೆ ಕೊಡಿ. ತಿದ್ದಿದ ಮೇಲೆ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.