ಶುಗರ್ ಹತೋಟಿಯಲ್ಲಿದ್ದರೂ ಕೊಲೆಸ್ಟ್ರಾಲ್ ಮಾತ್ರೆ ಯಾಕೆ?

ಪ್ರಶ್ನೆ: ನನಗೆ 52 ವರ್ಷ. ಎಂಟು ವರ್ಷದಿಂದ ಟೈಪ್ 2 ಶುಗರ್ ಇದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.8. ಬಿಪಿ 144/88. ಎದೆನೋವು ಯಾವತ್ತೂ ಬಂದಿಲ್ಲ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 112 ಅಷ್ಟೇ, ಆದರೂ ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದಾರೆ. ತೆಗೆದುಕೊಳ್ಳಲೇಬೇಕಾ? ಆಸ್ಪಿರಿನ್ ಕೂಡ ಶುರು ಮಾಡಲಾ?

ಉತ್ತರ: ಸ್ಟ್ಯಾಟಿನ್ ತೆಗೆದುಕೊಳ್ಳಿ. ಶುಗರ್ ಇರುವವರಿಗೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ಅದಕ್ಕೇ 40 ದಾಟಿದ ಶುಗರ್ ರೋಗಿಗಳಿಗೆ ಎಲ್‌ಡಿಎಲ್ ತೀರಾ ಏರಿರದಿದ್ದರೂ ಸ್ಟ್ಯಾಟಿನ್ ಕೊಡುತ್ತಾರೆ. ನಿಮ್ಮ 112 ಬೇರೆಯವರಿಗೆ ಪರವಾಗಿಲ್ಲ, ನಿಮಗೆ ಅದು 70ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಸ್ಟ್ಯಾಟಿನ್‌ನಿಂದ ಶುಗರ್ ಚೂರು ಏರಬಹುದು, ನಿಜ, ಆದರೆ ಹೃದಯಕ್ಕೆ ಆಗುವ ಲಾಭ ಅದಕ್ಕಿಂತ ತುಂಬಾ ದೊಡ್ಡದು. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಎಲ್ಲರೂ ಶುಗರ್ ನಂಬರ್ ಒಂದನ್ನೇ ನೋಡ್ತಾರೆ, ಅದೇ ತೊಂದರೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅಧ್ಯಯನದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಚಿಕಿತ್ಸೆಯನ್ನೇ ಅರ್ಧಕ್ಕೆ ನಿಲ್ಲಿಸಿದರು. ಡೆನ್ಮಾರ್ಕ್‌ನ ಸ್ಟೆನೋ-2 ಅಧ್ಯಯನದಲ್ಲಿ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ಒಟ್ಟಿಗೆ ಹಿಡಿದರು, ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಹಾಗಾಗಿ ನಿಮ್ಮ 6.8 ಬಗ್ಗೆ ನನಗೆ ಚಿಂತೆ ಇಲ್ಲ, ಬಿಪಿ ಬಗ್ಗೆ ಇದೆ. ಅದು 130/80ರ ಒಳಗೆ ಬರಬೇಕು. ನೀವದನ್ನು ಹೇಳಿದಿರಿ, ಅದರ ಬಗ್ಗೆ ಏನೂ ಕೇಳಲೇ ಇಲ್ಲ ಅಲ್ವಾ? ಸಿಗರೇಟಿದ್ದರೆ ಅದೂ ಹೋಗಬೇಕು.

ಎದೆನೋವು ಬಂದಿಲ್ಲ ಅಂತ ನೆಮ್ಮದಿಯಾಗಿರಬೇಡಿ. ಬಹಳ ವರ್ಷದ ಶುಗರ್ ನರಗಳನ್ನು ಹಾಳು ಮಾಡುತ್ತದೆ, ಆಗ ಹೃದಯಾಘಾತವೂ ನೋವಿಲ್ಲದೆ ಆಗಬಹುದು. ಸುಮ್ನೆ ಉಸಿರು ಕಟ್ಟಿದ ಹಾಗೆ, ಬೆವರು, ವಿಪರೀತ ಸುಸ್ತು, ವಾಕರಿಕೆ ಬಂದರೆ ಗ್ಯಾಸ್ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಿಸಿ.

ಆಸ್ಪಿರಿನ್ ನೀವಾಗಿ ಶುರು ಮಾಡಬೇಡಿ. ಹೃದಯದ ಕಾಯಿಲೆ ಇಲ್ಲದವರಲ್ಲಿ ಅದರ ಲಾಭವನ್ನು ರಕ್ತಸ್ರಾವದ ಅಪಾಯ ಬಹುಪಾಲು ನುಂಗಿಬಿಡುತ್ತದೆ. ಮುಂದಿನ ಸಲ ಹೋದಾಗ ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಅದು 30 (ಮಿ.ಗ್ರಾಂ/ಗ್ರಾಂ) ದಾಟಿದ್ದರೆ ಕಿಡ್ನಿಗೂ ಹೃದಯಕ್ಕೂ ಎಚ್ಚರಿಕೆ. ಆಗ ಕಿಡ್ನಿ, ಹೃದಯ ಎರಡನ್ನೂ ಕಾಯುವ ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ನಿಮಗೆ ಹೊಂದುತ್ತದಾ ಅಂತ ಡಾಕ್ಟರನ್ನೇ ಕೇಳಿ.